ಒಂದು ಪ್ಯಾಂಟಿಗೆ ನಾಲ್ಕು ನಿಮಿಷ

12 ಮೇ 2024, ಭಾನುವಾರ
ಕೌಲ್ ಬಜಾರ್, ಬಳ್ಳಾರಿ

ಭಾನುವಾರವೂ ಬಂಡಲ್ ಬಂತು. 60 ಜೀನ್ಸ್ ಪ್ಯಾಂಟು. ಇವತ್ತು ಗಡಿಯಾರ ಇಟ್ಟುಕೊಂಡು ಅವ್ವನ ಪಕ್ಕ ಕೂತೆ.

ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುವ ಕೆಲಸ. ಪ್ಯಾಂಟು ಒಳಮಗ್ಗಲು ಮಾಡಿ ಜೇಬು, ಜಿಪ್, ಕಾಲಿನ ಹೊಲಿಗೆ ಎಲ್ಲ ಬೆರಳಲ್ಲಿ ಸವರುತ್ತಾ ಹೋಗಬೇಕು. ದಾರ ಸಿಕ್ಕಲ್ಲಿ ಬುಡಕ್ಕೆ ಕತ್ತರಿ. ಕೂದಲೆಳೆಯಷ್ಟು ಆಚೀಚೆ ಆದರೂ ಬಟ್ಟೆಗೆ ತೂತು. ಅವ್ವನಿಗೆ ಒಂದಕ್ಕೆ 4 ನಿಮಿಷ ಹಿಡಿಯಿತು, ನನಗೆ 7. ಕೂಲಿ ಒಂದಕ್ಕೆ 2 ರೂಪಾಯಿ.

ಅಂದರೆ ಎದ್ದೇಳದೆ ಮಾಡಿದರೆ ಗಂಟೆಗೆ 30 ರೂಪಾಯಿ. ಎದ್ದೇಳದೆ ಹೇಗಾಗುತ್ತೆ? ನಳ ಬಂತು, ಕೊಡ ತುಂಬಿಸಬೇಕಾಯ್ತು. ಮಧ್ಯಾಹ್ನ ಕರೆಂಟ್ ಹೋಯ್ತು. ಈ ಬಿಸಿಲಲ್ಲಿ ಬೆಳಕಿಗಂತ ಹೊಸ್ತಿಲ ಮೇಲೆ ಕೂತು ಮುಂದುವರಿಸಿದಳು. ಕತ್ತರಿ ನಮ್ಮದು, ಕರೆಂಟ್ ಬಿಲ್ ನಮ್ಮದು, ಜಾಗ ನಮ್ಮದು. ಅವ್ವನ ಉಗುರಿನ ಸುತ್ತ ಆ ನೀಲಿ ಬಣ್ಣ ಎಷ್ಟು ತಿಕ್ಕಿದರೂ ಹೋಗಲ್ಲ.

ಹೋದ ವಾರ ಎರಡು ಪ್ಯಾಂಟಿಗೆ ಕತ್ತರಿ ತಾಗಿದೆ ಅಂತ 150 ರೂಪಾಯಿ ಹಿಡಿದುಕೊಂಡರು. 75 ಪ್ಯಾಂಟಿನ ಕೂಲಿ ಅದು! ಬಂಡಲ್ ತರುವವರನ್ನು ಕೇಳಿದೆ. "ಮನೇಲಿ ಸುಮ್ನೆ ಕೂತಾಗ ಮಾಡೋ ಕೆಲಸ ಅಲ್ವಾ, ಇದಕ್ಕೆಲ್ಲ ಕಾನೂನು ಎಲ್ಲಿ ಬರುತ್ತಮ್ಮಾ?" ಅಂದರು.

ಬರುತ್ತೆ. ಮಾಲು ಕೊಟ್ಟು ಮನೆಯಲ್ಲೇ ಕೆಲಸ ಮಾಡಿಸಿಕೊಂಡರೂ ಆ ಕೆಲಸ ಮಾಡುವವರು ಕೆಲಸಗಾರರೇ ಅಂತ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇದೆ. ಮನೆಯಲ್ಲಿ ಬೀಡಿ ಕಟ್ಟುವವರನ್ನು 1966ರ ಬೀಡಿ ಕಾರ್ಮಿಕರ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಂಡಿದೆ. ಮನೆಯಲ್ಲಿ ದುಡಿಯುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಒಂದು ಒಪ್ಪಂದವನ್ನೇ ತಂದಿತು. ನಮ್ಮ ದೇಶ ಅದನ್ನಿನ್ನೂ ಒಪ್ಪಿಕೊಂಡಿಲ್ಲ, ಅದು ನನಗೆ ಬೇಜಾರು.

ಅದಕ್ಕಿಂತ ಜಾಸ್ತಿ ಸಂಕಟ ಅಂದರೆ, ಅವ್ವನ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಯಾರ ಮಾಲು, ಎಷ್ಟು ಬಂತು, ಎಷ್ಟು ಹಿಡಿದರು, ಎಲ್ಲ ಬಾಯಿಮಾತು. ಅವ್ವನಿಗೆ 52. ಅಸಂಘಟಿತ ಕಾರ್ಮಿಕರ ಹೆಸರು ಬರೆದುಕೊಳ್ಳುವ ಸರ್ಕಾರದ ಇ-ಶ್ರಮ್‌ಗೆ 16ರಿಂದ 59 ವಯಸ್ಸಿನವರು ಸೇರಬಹುದು, ಹಾಗಾಗಿ ಮಾಡಿಸಿದ್ದೇನೆ. 12 ಅಂಕಿಯ ಆ ಕಾರ್ಡನ್ನು ರೇಷನ್ ಕಾರ್ಡ್ ಜೊತೆ ಜೋಪಾನ ಮಾಡಿದ್ದಾಳೆ. ಆದರೆ ಅದರಲ್ಲಿ ಕೆಲಸ ಕೊಟ್ಟವರ ಹೆಸರಿಲ್ಲ.

ಸಂಜೆ ನೋಟ್‌ಬುಕ್ ತಂದು ಗೆರೆ ಹಾಕಿದೆ: ತಾರೀಕು, ಎಷ್ಟು ಪ್ಯಾಂಟು, ಕೂಲಿ, ಹಿಡಿದದ್ದು, ಸಹಿ. ಅವ್ವ ನೋಡಿ, "ಸಹಿ ಕೇಳಿದ್ರೆ ನಾಳೆಯಿಂದ ಬಂಡಲ್ ಬ್ಯಾರೆ ಮನಿಗೆ ಹೋಗ್ತಾವ" ಅಂದಳು. ಅದೂ ನಿಜವೇ. ಅದಕ್ಕೇ ಓಣಿಯ ಇನ್ನೂ ನಾಲ್ಕು ಮನೆಗೆ ನೋಟ್‌ಬುಕ್ ತಂದುಕೊಟ್ಟೆ. ಸಹಿ ಆಮೇಲೆ ನೋಡೋಣ, ಮೊದಲು ಲೆಕ್ಕ ಇರಲಿ ಅಂದೆ. ಎದುರು ಮನೆಯ ಅಕ್ಕ ಅಲ್ಲೇ ನಿಂತು ಮೊದಲ ಸಾಲು ಬರೆಸಿದರು: 12-5-2024, 45 ಪ್ಯಾಂಟು.