ಎಮ್ಮೆಕರುವಿಗೆ ಯಾರು ಕಲಿಸಿದರು?

“ಎಮ್ಮೆಕರುವಿಗೆ ಯಾರು ಈಜು ಕಲಿಸಿದರು? ಹೊಳೆದಂಡೆಯಲ್ಲಿ ಹುಟ್ಟಿದವನಿಗೆ ಅದು ರಕ್ತದಲ್ಲೇ ಇರುತ್ತದೆ. ಬಿಡು, ಇಳಿಯಲಿ.”

ಭಾನುವಾರ ತೀರ್ಥಹಳ್ಳಿಯ ಹತ್ತಿರ ತುಂಗೆಯ ದಂಡೆಯಲ್ಲಿ ದೊಡ್ಡಪ್ಪ ಆಡಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಹೇಳುತ್ತಲೇ ತಂಗಿಯ ಮಗನ ರಟ್ಟೆ ಹಿಡಿದು ಮಡುವಿನತ್ತ ಎಳೆಯುತ್ತಿದ್ದರು. ಹುಡುಗನ ಕಾಲ್ಬೆರಳುಗಳು ಬಂಡೆಯ ಸಂದನ್ನು ಕಚ್ಚಿ ಹಿಡಿದಿದ್ದವು. ನಾನು ಅಡ್ಡ ನಿಂತೆ. ದೊಡ್ಡಪ್ಪ ಒಳ್ಳೆಯವರು, ಮನೆಗೆ ಬಂದವರನ್ನು ಉಣಿಸದೆ ಕಳಿಸಿದವರಲ್ಲ. ಆದರೆ ತಾವು ಹೇಳಿದ್ದೇ ಶಾಸ್ತ್ರ ಎನ್ನುವ ಸ್ವಭಾವ.

ಕರುವಿನ ಮಾತೇನೋ ನಿಜ. ನಾಲ್ಕು ಕಾಲಿನ ಪ್ರಾಣಿ ನೆಲದ ಮೇಲೆ ಓಡುವ ಲಯದಲ್ಲೇ ನೀರಿನಲ್ಲೂ ಕಾಲಾಡಿಸಿದರೆ ಸಾಕು, ಮುಂದೆ ಸಾಗುತ್ತದೆ; ಮೂಗು ನೀರಿನ ಮೇಲೇ ಇರುತ್ತದೆ. ಆ ಲಯವನ್ನು ಹುಟ್ಟಿಸುವ ನರಜಾಲ ಬೆನ್ನುಹುರಿಯಲ್ಲೇ ಇದೆ. ನೆಟ್ಟಗೆ ನಡೆಯುವ ನಮಗೆ ಆ ಅನುಕೂಲವಿಲ್ಲ. ಎಳೆಗೂಸು ನೀರಿನಲ್ಲಿ ಕೈಕಾಲು ಬಡಿಯುತ್ತದೆ, ಉಸಿರು ಬಿಗಿಹಿಡಿಯುತ್ತದೆ, ಆದರೆ ತಲೆಯನ್ನು ಮೇಲೆತ್ತಿ ಉಸಿರಾಡಲಾರದು. ಆ ಬಡಿತವೂ ಆರು ತಿಂಗಳ ಸುಮಾರಿಗೆ ಮರೆಯಾಗುತ್ತದೆ.

ರಕ್ತದಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಇಂಡೋನೇಷ್ಯಾದ ಬಜಾವು ಜನ ತಲೆಮಾರುಗಳಿಂದ ಸಮುದ್ರದಲ್ಲಿ ಮುಳುಗಿ ಮೀನು ಹಿಡಿಯುವವರು. ಅವರ ಗುಲ್ಮ (ಹೊಟ್ಟೆಯ ಎಡಗಡೆ ಇರುವ ಅಂಗ, ಸ್ಪ್ಲೀನ್) ನೆರೆಯ ಸಾಲುವಾನ್ ಜನರದಕ್ಕಿಂತ ಸುಮಾರು 50 ಪ್ರತಿಶತ ದೊಡ್ಡದೆಂದು 2018ರಲ್ಲಿ ಗೊತ್ತಾಯಿತು. ನೀರಿಗಿಳಿಯದ ಬಜಾವುಗಳಲ್ಲೂ ಹಾಗೆಯೇ ಇತ್ತು. ಪಿಡಿಇ10ಎ ಎಂಬ ವಂಶವಾಹಿಯ ನಂಟೂ ಕಂಡಿತು. ಮುಳುಗಿದಾಗ ಗುಲ್ಮ ಕುಗ್ಗಿ, ಆಮ್ಲಜನಕ ಹೊತ್ತ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಆ ವಂಶವಾಹಿ ಕೊಟ್ಟದ್ದು ದಮ್ಮು ಹಿಡಿಯುವ ಬಲವನ್ನು, ಈಜನ್ನಲ್ಲ. ಥಾಯ್ಲೆಂಡ್ ಕರಾವಳಿಯ ಮೋಕೆನ್ ಮಕ್ಕಳಿಗೆ ನೀರೊಳಗೆ ಯುರೋಪಿನ ಮಕ್ಕಳ ಎರಡರಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅಭ್ಯಾಸ ಮಾಡಿಸಿದಾಗ ಯುರೋಪಿನ ಮಕ್ಕಳಿಗೂ ಅಷ್ಟೇ ಚೆನ್ನಾಗಿ ಕಂಡಿತು.

ಪ್ರತಿ ಬೇಸಿಗೆಯಲ್ಲೂ ನಮ್ಮ ಹೊಳೆಗಳಲ್ಲಿ ಮುಳುಗಿ ಸಾಯುವ ಮಕ್ಕಳಲ್ಲಿ ಹೊಳೆದಂಡೆಯ ಊರುಗಳವರೂ ಇರುತ್ತಾರೆ. ಅವರ ರಕ್ತವೂ ಇದೇ ಅಲ್ಲವೇ?

ಮನೆಗೆ ಬಂದು ಅಮ್ಮನನ್ನು ಕೇಳಿದೆ, ದೊಡ್ಡಪ್ಪನಿಗೆ ಈಜು ಬಂದದ್ದು ಹೇಗೆ ಎಂದು. ಅಜ್ಜ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಹೊಟ್ಟೆಯಡಿ ಅಂಗೈ ಕೊಟ್ಟು ಇಡೀ ಬೇಸಿಗೆ ಕಲಿಸಿದ್ದರಂತೆ. ಬುರುಡೆ ಬಿಚ್ಚಿದ ಮೇಲೂ ಅಜ್ಜ ಸೊಂಟದುದ್ದ ನೀರಿನಲ್ಲೇ ನಿಂತಿರುತ್ತಿದ್ದರಂತೆ. ಆ ಅಂಗೈಯನ್ನು ಮರೆತು ರಕ್ತದ ಮಾತಾಡುವುದು ನನಗೆ ಸಿಟ್ಟು ತರಿಸುತ್ತದೆ.

ನಿನ್ನೆ ದೊಡ್ಡಪ್ಪನಿಗೇ ಫೋನ್ ಮಾಡಿದೆ. ಹೊಳೆ ಏರುವ ಮೊದಲು ಹುಡುಗನಿಗೂ ಹಾಗೆಯೇ ಕಲಿಸಿಕೊಡಿ, ನಾನೂ ನೀರಿನಲ್ಲಿ ನಿಲ್ಲುತ್ತೇನೆ ಎಂದೆ. “ಬುರುಡೆ ಈಗ ಎಲ್ಲಿ ಸಿಗುತ್ತದೆ?” ಎಂದರು. ಹಿತ್ತಿಲಿನಲ್ಲಿ ಬಾಳೆ ಇದೆ, ದಿಂಡು ಕಡಿದು ತರುತ್ತೇನೆ ಎಂದಿದ್ದೇನೆ.