ಮೆಟ್ಟಿಲಿನ ಲೈಟ್ ಯಾರು ಹಾಕ್ತಾರೆ?

ಮೊನ್ನೆ ಭಾನುವಾರ ಮನೆ ಖಾಲಿ ಮಾಡಿದೆವು. 11 ವರ್ಷ ಇದ್ದ ಮನೆ. ಸಾಮಾನಿನ ಗಾಡಿ ಹೊರಟಾಗಿತ್ತು, ಬೀಗದ ಕೈ ಕೊಟ್ಟಾಗಿತ್ತು, ಎಲ್ಲರಿಗೂ ಹೇಳಿ ಕೊನೆಗೆ ಮೊದಲ ಮಹಡಿಯ ಅಜ್ಜಿ ಹತ್ತಿರ ಹೋದೆ. ಅವರು ಅತ್ತುಬಿಟ್ಟರೆ ಏನು ಮಾಡೋದು ಅಂತ ಗಂಟಲು ಬಿಗಿಹಿಡಿದು ನಿಂತಿದ್ದೆ. ಅವರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು.

"ಅಲ್ಲಾ, ಇನ್ಮೇಲೆ ಮೆಟ್ಟಿಲಿನ ಲೈಟ್ ಯಾರು ಹಾಕ್ತಾರೆ?"

ಅಷ್ಟೇ. ಹುಷಾರಾಗಿರಿ ಅನ್ನಲಿಲ್ಲ, ನೆನಪಾಗ್ತೀರಿ ಅನ್ನಲಿಲ್ಲ. ನಿಜ ಹೇಳಬೇಕಂದ್ರೆ ಸ್ವಲ್ಪ ಬೇಜಾರೇ ಆಯಿತು. ನಾನೇನು ಲೈಟ್ ಹಾಕೋ ಆಳಾ?

ಸಂಜೆ ಕೆಲಸದಿಂದ ಬರುವಾಗ ಕೆಳಗಿನ ಸ್ವಿಚ್ ಒತ್ತಿ ಮೇಲೆ ಹತ್ತುತ್ತಿದ್ದೆ, ನಿಜ. ಯಾರೂ ಹೇಳಿರಲಿಲ್ಲ. ಯಾರಾದರೂ ಗಮನಿಸುತ್ತಾರೆ ಅಂತಲೂ ಗೊತ್ತಿರಲಿಲ್ಲ. ಅಜ್ಜಿ ವಾಕಿಂಗ್ ಮುಗಿಸಿ, ಮಂಡಿ ನೋವಿನ ಕಾಲೆಳೆದುಕೊಂಡು ಬರೋದು ನನ್ನ ಹಿಂದೆಯೇ ಅನ್ನೋದು ಈಗ ಹೊಳೆಯುತ್ತಿದೆ. ನಾಲ್ಕು ದಿನದಿಂದ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇದೆ.

ಹಿಂದಿನ ದಿನ ಬೀಳ್ಕೊಡುಗೆ ಅಂತ ಒಂದು ಸಣ್ಣ ಸಭೆಯೂ ಆಗಿತ್ತು. ಸೆಕ್ರೆಟರಿ ಸಾಹೇಬರು ಭಾಷಣ ಮಾಡಿದರು. "ಇವರು ನಮ್ಮ ಕುಟುಂಬದವರ ಹಾಗೆ" ಅಂದರು, ನನ್ನ ಹೆಸರನ್ನೇ ತಪ್ಪು ಹೇಳಿದರು. 11 ವರ್ಷದಲ್ಲಿ ಅವರು ನನ್ನ ಜೊತೆ ಮಾತಾಡಿದ್ದು ಗಾಡಿ ಅಡ್ಡ ನಿಲ್ಲಿಸಿದ್ದೀರಿ ಅನ್ನೋದಕ್ಕೆ ಮಾತ್ರ. ಮೂರನೇ ಮಹಡಿಯ ಮೌನಿ ಮಹಾಶಯರು ಮಾತ್ರ ಭಾಷಣ ಮುಗಿಯುವ ಹೊತ್ತಿಗೆ ತಲೆ ತಗ್ಗಿಸಿಕೊಂಡು ನಮ್ಮ ಏಣಿ ತಂದು ಗೋಡೆಗೆ ಒರಗಿಸಿದರು. ಯಾವಾಗ ಒಯ್ದಿದ್ದರೋ! ಆ ಏಣಿ ಎಲ್ಲಿಟ್ಟೆ ಅಂತ ಮನೆಯಲ್ಲಿ ಒಬ್ಬರ ಮೇಲೊಬ್ಬರು ಕೂಗಾಡಿದ್ದೆವು. ಎರಡರಲ್ಲಿ ನನಗೆ ಬೀಳ್ಕೊಡುಗೆ ಅನಿಸಿದ್ದು ಆ ಏಣಿಯೇ.

ಬಾಗಿಲಲ್ಲಿ ನಿಂತು "ಬರ್ತೀವಿ" ಅಂದಮೇಲೂ ಮುಕ್ಕಾಲು ಗಂಟೆ ಹೋಯಿತು. ಮಾತು ತನ್ನಷ್ಟಕ್ಕೆ ನಿಲ್ಲುವುದಿಲ್ಲ, ಅದನ್ನು ಇಬ್ಬರೂ ಸೇರಿ ಮುಗಿಸಬೇಕು ಅಂತ ಶೆಗ್ಲಾಫ್, ಸ್ಯಾಕ್ಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿದ್ದಾರೆ. ಒಬ್ಬರು "ಸರಿ ಹಾಗಾದ್ರೆ" ಅನ್ನಬೇಕು, ಇನ್ನೊಬ್ಬರು ಹೊಸ ವಿಷಯ ಎತ್ತದೆ "ಆಯ್ತು" ಅನ್ನಬೇಕು. ನಮ್ಮಲ್ಲಿ "ಸರಿ" ಅಂದವರೇ ಹೊಸ ವಿಷಯ ಎತ್ತುತ್ತಿದ್ದರು.

ಅದೇ ವರ್ಷ ಗ್ರಾನೊವೆಟರ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞರು ಇನ್ನೊಂದು ಮಾತು ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದ್ದರು. ಆಗಾಗ ಭೇಟಿಯಾಗುವ ಆಪ್ತರಿಂದ ಸುದ್ದಿ ಸಿಕ್ಕಿದ್ದು 100ರಲ್ಲಿ ಸುಮಾರು 17 ಜನರಿಗೆ ಮಾತ್ರ. ಉಳಿದವರಿಗೆಲ್ಲ ಅಪರೂಪಕ್ಕೋ ಅವಾಗವಾಗಲೋ ಸಿಗುವವರಿಂದ. ಓದಿದಾಗ ಇದು ಕೆಲಸ ಹುಡುಕೋರ ವಿಷಯ ಅಂತ ಸುಮ್ನೆ ಬಿಟ್ಟಿದ್ದೆ. ಈಗ ಬೇರೆ ಥರ ಕಾಣುತ್ತಿದೆ. ಆಪ್ತರನ್ನು ನಾವು ಬಿಟ್ಟು ಬರೋದೇ ಇಲ್ಲ, ಫೋನಿದೆ, ವಾರಕ್ಕೊಮ್ಮೆ ಜಗಳವಾದರೂ ಆಡಬಹುದು. ನಿಜವಾಗಿ ಕೈತಪ್ಪಿ ಹೋಗೋರು ಮೆಟ್ಟಿಲ ಮೇಲೆ "ಏನ್ ಲೇಟು ಇವತ್ತು?" ಅಂತ ಕೇಳಿ ಉತ್ತರಕ್ಕೂ ಕಾಯದೆ ಹೋಗುತ್ತಿದ್ದವರು. ಅವರ ನಂಬರ್ ಯಾರ ಹತ್ತಿರ ಇರುತ್ತೆ? ಅವರಿಗೆ ಫೋನ್ ಮಾಡಿ ಏನು ಹೇಳೋದು, "ಇವತ್ತೂ ಲೇಟಾಯ್ತು" ಅಂತಾನಾ?

ನೆನ್ನೆ ಸಂಜೆ ಗೊತ್ತಿಲ್ಲದ ನಂಬರಿಂದ ಕಾಲ್ ಬಂತು. ಎತ್ತಿದರೆ ಅಜ್ಜಿ. ನಂಬರ್ ಕೊಟ್ಟಿದ್ದು ಸೆಕ್ರೆಟರಿಯಂತೆ, ಪಾಪ.

"ಎಡಗಡೆಯಿಂದ ಎರಡನೇದಾ, ಮೂರನೇದಾ?"

"ಮೂರನೇದು ಅಜ್ಜಿ. ಸ್ವಲ್ಪ ಒತ್ತಿ ಹಿಡೀಬೇಕು, ಇಲ್ಲಾಂದ್ರೆ ಆರಿಹೋಗುತ್ತೆ."

ಟಕ್ ಅಂದಿದ್ದು ಕೇಳಿಸಿತು. "ಹತ್ತಿತು" ಅಂದವರೇ ಫೋನ್ ಇಟ್ಟುಬಿಟ್ಟರು. "ಸರಿ" ಇಲ್ಲ, "ಆಯ್ತು" ಇಲ್ಲ.