ಹೇಲೈಡ್ ಸರಣಿ: ಸಲ್ಫ್ಯೂರಿಕ್ ಮುಗೀತು, ಫಾಸ್ಫಾರಿಕ್ ಶುರು

ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಬ್ರೋಮೈಡ್, ಪೊಟ್ಯಾಸಿಯಂ ಅಯೊಡೈಡ್, ಈ ಮೂರು ಹೇಲೈಡ್‌ಗಳಿಗೂ (ಕ್ಲೋರಿನ್ ಗುಂಪಿನ ಮೂಲಧಾತುಗಳ ಉಪ್ಪುಗಳಿಗೂ) ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ ನೋಡಿದ್ದಾಯ್ತು. ಚಿಟಿಕೆ ಉಪ್ಪು, ಕೆಲವೇ ಹನಿ ಆಮ್ಲ, ಎಲ್ಲವೂ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಒಳಗೇ.

ಕ್ಲೋರೈಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೊರೆ ಎದ್ದಿತು, ಬಿಳಿ ಹೊಗೆ ಬಂತು. ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದರೆ ಹೊಗೆ ದಟ್ಟವಾಯಿತು. ಬಂದದ್ದು ಹೈಡ್ರೋಜನ್ ಕ್ಲೋರೈಡ್, ಅಷ್ಟೇ. ಬ್ರೋಮೈಡ್‌ನಲ್ಲಿ ಹೊಗೆಗೆ ಕೆಂಗಂದು ಬಣ್ಣ ಸೇರಿತು. ಅದು ಬ್ರೋಮಿನ್. ಜೊತೆಗೆ ಸಲ್ಫರ್ ಡೈಆಕ್ಸೈಡ್ ಕೂಡ.

ಮಜಾ ಇದ್ದದ್ದು ಅಯೊಡೈಡ್‌ನಲ್ಲಿ. ಆಮ್ಲ ಬಿದ್ದ ತಕ್ಷಣ ಉಪ್ಪು ಕಪ್ಪಾಯಿತು. ಅಯೊಡಿನ್‌ನ ನೇರಳೆ ಆವಿ ಮೇಲೆದ್ದು, ಟ್ಯೂಬಿನ ತಣ್ಣನೆಯ ಭಾಗದಲ್ಲಿ ಹೊಳೆಯುವ ಬೂದು ಹರಳಾಗಿ ಕೂತಿತು. ಅದರ ಕೆಳಗೆ ಗಂಧಕದ ತೆಳು ಹಳದಿ ಪಟ್ಟಿ. ಟ್ಯೂಬಿನ ಬಾಯಿಗೆ ಹಿಡಿದ ಲೆಡ್ ಅಸಿಟೇಟ್ ಕಾಗದ ಕಪ್ಪಾಯಿತು, ಅಂದರೆ ಹೈಡ್ರೋಜನ್ ಸಲ್ಫೈಡ್ ಕೂಡ ಬಂದಿದೆ. ಇದನ್ನು ಮೂಸಿ ಗುರುತಿಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಅನಿಲ ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ, ವಾಸನೆ ಗೊತ್ತೇ ಆಗುವುದಿಲ್ಲ. ಆಮ್ಲದಲ್ಲಿ ಉತ್ಕರ್ಷಣ ಸಂಖ್ಯೆ +6 ಇದ್ದ ಗಂಧಕ, ಒಂದೇ ಟ್ಯೂಬಿನಲ್ಲಿ +4 (ಸಲ್ಫರ್ ಡೈಆಕ್ಸೈಡ್), 0 (ಗಂಧಕ), −2 (ಹೈಡ್ರೋಜನ್ ಸಲ್ಫೈಡ್) ಮೂರಕ್ಕೂ ಇಳಿದಿದೆ!

ಮೂರೂ ಹೀಗೆ ಬೇರೆ ಬೇರೆಯಾಗಿ ವರ್ತಿಸುವುದಕ್ಕೆ ಕಾರಣ ಅಯಾನಿನ (ವಿದ್ಯುದಾವೇಶ ಇರುವ ಪರಮಾಣುವಿನ) ಗಾತ್ರದಲ್ಲಿದೆ. ಕ್ಲೋರೈಡ್ ಅಯಾನಿನ ತ್ರಿಜ್ಯ 181 ಪಿಕೋಮೀಟರ್, ಅಯೊಡೈಡ್‌ನದ್ದು ಸುಮಾರು 220. ಹೊರಗಿನ ಎಲೆಕ್ಟ್ರಾನು ದೂರವಿದ್ದಷ್ಟೂ ಹಿಡಿತ ಸಡಿಲ. ಕ್ಲೋರಿನ್, ಬ್ರೋಮಿನ್, ಅಯೊಡಿನ್‌ಗಳ ಪ್ರಮಾಣಿತ ವಿಭವ (ಎಲೆಕ್ಟ್ರಾನು ಸೆಳೆಯುವ ಬಲದ ಅಳತೆ) 1.36, 1.07, 0.54 ವೋಲ್ಟ್. ಇವು ನೀರಿನ ದ್ರಾವಣದ ಅಂಕಿಗಳು. ಸಾಂದ್ರ ಆಮ್ಲದ ಮಟ್ಟಿಗೆ ಇವುಗಳಲ್ಲಿ ಏರಿಳಿತದ ಕ್ರಮವನ್ನಷ್ಟೇ ನೋಡಬೇಕು.

ಹಾಗಾದರೆ ಅಯೊಡೈಡ್‌ನಿಂದ ಹೈಡ್ರೋಜನ್ ಅಯೊಡೈಡ್ ಸಿಗುವುದೇ ಇಲ್ವಾ? ಸಿಗುತ್ತದೆ, ಆಮ್ಲ ಬದಲಿಸಬೇಕು. 85% ಫಾಸ್ಫಾರಿಕ್ ಆಮ್ಲ ಹಾಕಿ ಮೆಲ್ಲಗೆ ಬಿಸಿ ಮಾಡಿದೆ. ಬಿಳಿ ಹೊಗೆ ಬಂತು, ಲೆಡ್ ಕಾಗದ ಬೆಳ್ಳಗೇ ಉಳಿಯಿತು. ಫಾಸ್ಫಾರಿಕ್ ಪ್ರೋಟಾನ್ ಕೊಡುತ್ತದೆ, ಆವಿಯಾಗುವ ಹೈಡ್ರೋಜನ್ ಅಯೊಡೈಡ್ ಹೊರಟುಹೋಗುತ್ತದೆ. ಎಲೆಕ್ಟ್ರಾನು ಕಿತ್ತುಕೊಳ್ಳುವಷ್ಟು ಉತ್ಕರ್ಷಣ ಶಕ್ತಿ ಅದಕ್ಕಿಲ್ಲ. ಸಲ್ಫ್ಯೂರಿಕ್ ಎರಡೂ ಕೆಲಸ ಮಾಡುತ್ತದೆ.

ಮುಂದಿನದು ಕ್ಲೋರೈಡ್ ಜೊತೆ ಮ್ಯಾಂಗನೀಸ್ ಡೈಆಕ್ಸೈಡ್. ಸಲ್ಫ್ಯೂರಿಕ್‌ಗೆ ಒಂಟಿಯಾಗಿ ಆಗದ್ದು ಇದರ ಜೊತೆ ಸೇರಿದರೆ ಆಗುತ್ತದೆ: ಕ್ಲೋರಿನ್ ಬರುತ್ತದೆ. 1774ರಲ್ಲಿ ಶೀಲೆ ಕ್ಲೋರಿನ್ ಪಡೆದದ್ದೂ ಇದೇ ಆಕ್ಸೈಡಿನಿಂದ, ಹೈಡ್ರೋಕ್ಲೋರಿಕ್ ಆಮ್ಲ ಬಳಸಿ. ಒದ್ದೆ ನೀಲಿ ಲಿಟ್ಮಸ್ ಕೆಂಪಾಗಿ, ಆಮೇಲೆ ಬಣ್ಣ ಕಳೆದುಕೊಳ್ಳಬೇಕು. ಫ್ಲೋರೈಡ್ ಮಾತ್ರ ಪಟ್ಟಿಯಲ್ಲಿಲ್ಲ. ಹೈಡ್ರೋಜನ್ ಫ್ಲೋರೈಡ್ ಗಾಜನ್ನೂ ತಿನ್ನುತ್ತದೆ, ಚರ್ಮದೊಳಗೂ ಇಳಿಯುತ್ತದೆ.